ಪಂಜಗುಟ್ಟದ ಏರು

ನಾರಾಯಣಗೂಡದ ನಮ್ಮ ಮನೆಯನ್ನು ಯಾರೂ ಮನೆ ಅನ್ನುತ್ತಿರಲಿಲ್ಲ, ಪೋರ್ಶನ್ ಅನ್ನುತ್ತಿದ್ದರು. ಹಳೆಯ ದೊಡ್ಡ ಕಟ್ಟಡದ ಕೆಳಗಿನ ಭಾಗ ನಮ್ಮದು. ಒಂದರ ಹಿಂದೊಂದು ಮೂರು ಕೋಣೆ, ರೈಲಿನ ಡಬ್ಬಿಗಳ ಹಾಗೆ. ಮುಂದಿನ ಕೋಣೆಯಲ್ಲಿ ಅಪ್ಪನ ಮಂಚ, ನಡುವಿನದರಲ್ಲಿ ನಾನು, ಆಯಿ ಮತ್ತು ದೇವರು, ಹಿಂದಿನದರಲ್ಲಿ ಅಡುಗೆ. ಅವ್ವನಿಗೆ ಅಂತ ಜಾಗ ಇರಲಿಲ್ಲ. ಆಕೆ ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಎಲ್ಲಿ ಮಲಗುತ್ತಿದ್ದಳು ಅನ್ನುವುದು ಎಷ್ಟು ತಲೆ ಕೆರೆದುಕೊಂಡರೂ ನನಗೆ ನೆನಪಾಗುವುದಿಲ್ಲ. ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಆ ಸದ್ದು ನಿಂತ ಮೇಲೆ ಅಂಗಳದಲ್ಲಿ ಬಾದಾಮಿ ಮರದ ಕೆಳಗೆ ಕಾರಿನ ಬಾಗಿಲು ತೆಗೆಯುವ ಸದ್ದು. ಎಂಜಿನ್ ಕೊರ್ ಕೊರ್ ಅಂದು, ಕೆಮ್ಮಿ, ಆಮೇಲೆ ಹತ್ತಿಕೊಳ್ಳುತ್ತಿತ್ತು. ಅಷ್ಟು ಹೊತ್ತಿಗೆ ಅವ್ವ ಆಗಲೇ ದಣಿದಿರುತ್ತಿದ್ದಳು, ದಿನ ಇನ್ನೂ ಶುರುವಾಗಿರುತ್ತಿರಲಿಲ್ಲ.

ಅಪ್ಪ ಬಾಳಾನಗರದ ಕಡೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿದ್ದ. ಸೈನ್ಯಕ್ಕೆ ಹೋಗುವ ಸಾಮಾನು ಅಲ್ಲಿ ತಯಾರಾಗುತ್ತಿತ್ತು. ಅಪ್ಪನದು ಮಾಡುವ ಕೆಲಸವಲ್ಲ, ನೋಡುವ ಕೆಲಸ. ಬೇರೆಯವರು ಕಡೆದಿಟ್ಟ ತುಂಡುಗಳನ್ನು ಅಳತೆಗೆ ಹಿಡಿದು ಇದು ನಡೆಯುತ್ತದೆ, ಇದು ನಡೆಯುವುದಿಲ್ಲ ಅನ್ನಬೇಕು. ಮನೆಗೆ ಬಂದರೂ ಅದೇ ನಾಲಿಗೆ. ಪುಂಡಿಪಲ್ಯದಲ್ಲಿ ಉಪ್ಪು ನಡೆಯುವುದಿಲ್ಲ, ಇಸ್ತ್ರಿ ನಡೆಯುವುದಿಲ್ಲ, ನನ್ನ ಕೈಬರಹವಂತೂ ಎಂದೂ ನಡೆಯಲಿಲ್ಲ. ಕೆಟ್ಟ ಮನುಷ್ಯನೇನಲ್ಲ. ಆದರೆ ಅವನ ಪಕ್ಕ ಕೂತವರಿಗೆ ಸುಮ್ಮನೆ ಬೆನ್ನು ನೆಟ್ಟಗಾಗುತ್ತಿತ್ತು.

ಒಂದು ಸಂಜೆ ಕಾರ್ಖಾನೆಯ ಬಸ್ಸಿನಲ್ಲಿ ಮನೆಗೆ ಬರುವಾಗ ಅಪ್ಪನಿಗೆ ಫಿಟ್ಸ್ ಬಂತು. ಇಡೀ ಬಸ್ಸಿನ ಮುಂದೆ ಬಿದ್ದ, ಪ್ಯಾಂಟು ಒದ್ದೆಯಾಯಿತು. ನಡೆಯುವುದಿಲ್ಲ ಅಂತ ಅವನು ಯಾರ ಸಾಮಾನು ವಾಪಸು ಮಾಡಿದ್ದನೋ ಅವರೇ ಅವನ ಕೈಯಲ್ಲಿ ಬೀಗದ ಕೈ ಹಿಡಿಸಿ, ಬಾಯಿ ಒರೆಸಿ, ಮನೆ ತನಕ ಹೊತ್ತು ತಂದರು. ಡಾಕ್ಟರು ಮಾತ್ರೆ ಕೊಟ್ಟು, ಇನ್ನು ಗಾಡಿ ನಡೆಸಬಾರದು ಅಂದರು. ಗಾಡಿ ಅಂದರೆ, ಅದಕ್ಕೆ ತುಸು ಮೊದಲು ಅಪ್ಪ ಯಾರಿಂದಲೋ ಕೊಂಡಿದ್ದ ಬಿಳಿಯ ಹಳೆ ಕಾರು. ಭಾನುವಾರ ನಮ್ಮನ್ನು ಟ್ಯಾಂಕ್‌ಬಂಡ್ ಮೇಲೆ ಅಡ್ಡಾಡಿಸಲಿಕ್ಕೆ ಕೊಂಡದ್ದು. ಬಸ್ಸು ಹತ್ತಲಾರೆ ಅಂದ ಅಪ್ಪ. ಅದೇ ಮುಖಗಳ ನಡುವೆ ಮತ್ತೆ ಕೂರುವುದಕ್ಕಿಂತ ನೌಕರಿ ಬಿಟ್ಟು ಊರಿಗೆ ಹೋಗುತ್ತೇನೆ ಅಂದ. ಅವನು ಅಂದದ್ದನ್ನು ಮಾಡುವವ. ಹಾಗಾಗಿ ಅವ್ವ ಗಾಡಿ ಕಲಿತಳು. ಇದರಲ್ಲಿ ಆಸೆಯ ಮಾತೇ ಇರಲಿಲ್ಲ.

ಕಲಿಸಿದವನೂ ಅಪ್ಪನೇ. ಖಾಲಿ ಮೈದಾನವೊಂದಕ್ಕೆ ಭಾನುವಾರ ಬೆಳಿಗ್ಗೆ ಡ್ರೈವರನೊಬ್ಬನಿಂದ ಕಾರು ಒಯ್ಯಿಸಿ, ಅಪ್ಪ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ. ಎಡಗೈ ಬಾಗಿಲಿನ ಹಿಡಿಕೆಯ ಮೇಲೆ, ಬಲಗೈ ಹ್ಯಾಂಡ್‌ಬ್ರೇಕಿನ ಮೇಲೆ. ಅವ್ವನಿಗೆ ಲೈಸೆನ್ಸ್ ಬಂದ ಮೇಲೂ ಆ ಬಲಗೈ ಅಲ್ಲಿಂದ ಕದಲಲಿಲ್ಲ. ನಾರಾಯಣಗೂಡದಿಂದ ಬಾಳಾನಗರದ ತನಕ ಹ್ಯಾಂಡ್‌ಬ್ರೇಕನ್ನು ಹಿಡಿದೇ ಇರುತ್ತಿದ್ದ. ಮಾತ್ರೆಗಳು ಅವನಿಗೆ ವಿಪರೀತ ನಿದ್ದೆ ತರುತ್ತಿದ್ದವು. ಕಣ್ಣು ಎಳೆಯುತ್ತಿದ್ದವು, ತಲೆ ವಾಲುತ್ತಿತ್ತು, ತಟ್ಟನೆ ನೆಟ್ಟಗೆ ಕೂತು ಕಣ್ಣರಳಿಸುತ್ತಿದ್ದ. ಅವ್ವ ಗಾಡಿ ನಡೆಸುತ್ತಿರುವಾಗ ನಿದ್ದೆ ಮಾಡುವುದು ಅವನಿಂದಾಗುತ್ತಿರಲಿಲ್ಲ. ಅದು ಆಕೆಗೂ ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ನಾನು. ಅಪ್ಪನನ್ನು ಬಿಟ್ಟು ಬರುವಾಗ ಹೆಂಗಸು ಒಬ್ಬಳೇ ಇರಬಾರದು ಅಂತ ನನ್ನನ್ನು ಕೂರಿಸುತ್ತಿದ್ದರು. ವಾಪಸು ಬರುತ್ತ ಅವ್ವ ನನ್ನನ್ನು ಶಾಲೆಗೆ ಇಳಿಸುತ್ತಿದ್ದಳು, ಸಂಜೆ ಇಬ್ಬರೂ ಮತ್ತೆ ಹೋಗಿ ಅಪ್ಪನನ್ನು ಕರೆತರುತ್ತಿದ್ದೆವು.

ಮಗನಿಗೆ ಹಿಂಗಾಯಿತು ಅಂತ ತಿಳಿದ ಕೂಡಲೇ ಬಾಗಲಕೋಟೆ ಕಡೆಯ ನಮ್ಮೂರಿಂದ ಆಯಿ ಬಂದಳು. ಆಯಿ ಅಂದರೆ ಅಪ್ಪನ ಅವ್ವ. ಒಂದು ಟ್ರಂಕು, ಹಿಟ್ಟು ನಾದುವ ಒಂದು ಕೊಣಮಿಗೆ, ಒಂದು ಡಬ್ಬಿ ತುಂಬ ವಿಭೂತಿ ಗಟ್ಟಿ ತಂದಳು. ಬಂದವಳು ಮತ್ತೆ ಊರಿಗೆ ಹೋಗಲಿಲ್ಲ. ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವುದು ನಮ್ಮ ಕಡೆ ಎಲ್ಲರ ರೂಢಿ. ಎತ್ತಿನ ಗಾಡಿ, ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ಏನಿದ್ದರೆ ಅದಕ್ಕೆ ವಿಭೂತಿ, ಕುಂಕುಮ, ಲಿಂಬೆಹಣ್ಣು, ಕಾಯಿ. ಆಯಿಯದು ಇನ್ನೊಂದು ಹೆಜ್ಜೆ ಮುಂದೆ. ಆಕೆ ಬಾಯಿ ಪೂಜೆ ಮಾಡುತ್ತಿದ್ದಳು. ಜೋಳದ ಡಬ್ಬಿಯ ಬಾಯಿ, ಬೀಸುವ ಕಲ್ಲಿನ ಬಾಯಿ, ನೀರಿನ ಹಂಡೆಯ ಬಾಯಿ, ಎಣ್ಣೆ ಡಬ್ಬಿಯ ಬಾಯಿ. ಯಾವುದರೊಳಗೆ ಏನಾದರೂ ಬೀಳುತ್ತದೋ ಅಲ್ಲಿಗೆಲ್ಲ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿಂದ ದಪ್ಪಗೆ ಎಳೆಯುತ್ತಿದ್ದಳು. ಕೇಳಿದರೆ ಹೇಳುತ್ತಿದ್ದಳು:

"ಬಾಯಿ ಕಾಯ್ದ್ರ ಹೊಟ್ಟಿ ತಣ್ಣಗಿರತೈತಿ. ಗಾಡೀಗೂ ಬಾಯಿ ಐತಿ ಹೌದಲ್ಲೊ? ನನ್ನ ಮಗಾ ಕುಂದ್ರೂ ಗಾಡಿ ಅದು."

ಕಾರಿನ ಬಾಯಿ ಅಂದರೆ ಹಿಂದೆ ಪೆಟ್ರೋಲ್ ಹಾಕುವ ಜಾಗದ ಮುಚ್ಚಳ. ಬೀಗವಿದ್ದ ಅಗಲ ಮುಚ್ಚಳ. ಅಮಾವಾಸ್ಯೆಯ ದಿನ ಆಯಿ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ, ಕಾರಿನ ಮೂತಿ ಚಕ್ರಗಳಿಗೆಲ್ಲ ತೆಳ್ಳಗೆ ಹಚ್ಚಿ, ಆ ಮುಚ್ಚಳಕ್ಕೆ ಮಾತ್ರ ಗೋಡೆಗೆ ಗಿಲಾವು ಮಾಡುವವರ ಹಾಗೆ ಮೆತ್ತುತ್ತಿದ್ದಳು. ಮಧ್ಯದಲ್ಲಿ ಕುಂಕುಮ, ಅದರ ಮೇಲೊಂದು ಹೂವು. ಒಣಗಿದ ಮೇಲೆ ಅದು ಸುಣ್ಣದ ಗೋಡೆಯಷ್ಟು ಗಟ್ಟಿ. ಪೆಟ್ರೋಲ್ ಬಂಕಿನ ಹುಡುಗರು ಅದನ್ನು ಒರೆಸುತ್ತಿರಲಿಲ್ಲ. ದೇವರದು ಅಂತ ಅಂಚು ಹಿಡಿದು ತಿರುಗಿಸಿ ತೆಗೆದು, ಮತ್ತೆ ಹಾಗೇ ಹಾಕುತ್ತಿದ್ದರು.

ಅವ್ವ ಗಾಡಿ ಹಿಡಿದ ತಿಂಗಳೇ ಅದು ನಿಲ್ಲತೊಡಗಿತು. ಬೆಳಿಗ್ಗೆ ಸರಿಯಾಗಿ ಹೊರಡುತ್ತಿತ್ತು. ಹಿಮಾಯತ್‌ನಗರ, ಸೆಕ್ರೆಟರಿಯೇಟ್, ಖೈರತಾಬಾದ್ ತನಕ ಏನೂ ಇಲ್ಲ. ಪಂಜಗುಟ್ಟದ ಏರು ಬಂದಾಗ, ಹಿಂದಿನಿಂದ ಬಸ್ಸುಗಳು ಒತ್ತುವಾಗ, ಅವ್ವ ಆಕ್ಸಿಲರೇಟರ್ ಒತ್ತುತ್ತಿದ್ದಳು. ಗಾಡಿ ಮುಂದಕ್ಕೆ ಹಾರುವ ಬದಲು ಒಂದು ಸಲ ಮುಗ್ಗರಿಸಿ, ಒಂದು ಸಲ ತೇಗಿ, ನಡು ಏರಿನಲ್ಲಿ ಸತ್ತು ನಿಲ್ಲುತ್ತಿತ್ತು. ಚಾವಿ ತಿರುಗಿಸಿದರೆ ಕೊರ್ ಕೊರ್, ಅಷ್ಟೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಏನೂ ಆಗೇ ಇಲ್ಲ ಅನ್ನುವಂತೆ ತಾನೇ ಹತ್ತಿಕೊಳ್ಳುತ್ತಿತ್ತು. ಪೆಟ್ರೋಲ್ ಹಾಕಿಸಿದ ಬೆಳಿಗ್ಗೆ ಆ ಏರನ್ನು ಹೆಚ್ಚಾಗಿ ದಾಟಿಬಿಡುತ್ತಿತ್ತು. ಕೆಲವು ವಾರ ಉಪದ್ರವ ಕಡಿಮೆ, ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಜೋರು. ಅದನ್ನು ಆಯಿ ಗಮನಿಸಿದ್ದಳು. ಈ ಗಾಡಿಗೆ ಅಮಾವಾಸ್ಯೆ ಆಗಿಬರುವುದಿಲ್ಲ ಅಂತ ತೀರ್ಮಾನಿಸಿ, ಮುಂದಿನ ಅಮಾವಾಸ್ಯೆಗೆ ವಿಭೂತಿಯನ್ನು ಇನ್ನಷ್ಟು ದಪ್ಪ ಮಾಡಿದಳು.

ಅಪ್ಪನ ತೀರ್ಮಾನ ಬೇರೆ. ತಾನು ನಡೆಸುವಾಗ ಗಾಡಿ ಒಂದು ದಿನವೂ ನಿಂತಿರಲಿಲ್ಲ. ಹೆಂಡತಿ ಹಿಡಿದ ತಿಂಗಳಿಂದ ನಿಲ್ಲುತ್ತಿದೆ. ಅಳತೆಗೆ ಹಿಡಿದು ನೋಡುವವನಿಗೆ ಇನ್ನೇನು ಬೇಕು?

ಒಂದು ಬೆಳಿಗ್ಗೆ ಆ ಏರಿನಲ್ಲಿ ನಮ್ಮ ಹಿಂದೆ ಬಸ್ಸುಗಳ ಸಾಲೇ ನಿಂತುಬಿಟ್ಟಿತು. ಹಾರ್ನುಗಳ ಬೊಬ್ಬೆ. ಪೊಲೀಸಿನವ ಬಂದು ಕಿಟಕಿ ತಟ್ಟಿದ.

"ಏಮ್ಮಾ, ಬಂಡಿ ನಡಪಡಂ ರಾದಾ? ರಾನಪ್ಪುಡು ರೋಡ್ ಮೀದಿಕಿ ಎಂದುಕೊಸ್ತಾರು?"

ಗಾಡಿ ನಡೆಸಲು ಬಾರದಿದ್ದರೆ ರಸ್ತೆಗೆ ಯಾಕೆ ಬರುತ್ತೀರಿ ಅಂತ. ಅವ್ವನಿಗೆ ತೆಲುಗು ಆಗ ಅಷ್ಟಾಗಿ ಬರುತ್ತಿರಲಿಲ್ಲ, ಆದರೆ ಇಂಥ ಮಾತು ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತದೆ. ಆಕೆ ಅಪ್ಪನ ಕಡೆ ನೋಡಿದಳು. ಗಾಡಿ ಕೆಟ್ಟಿದೆ ಅಂತ ಒಂದು ಮಾತು ಅವನು ಪೊಲೀಸಿನವನಿಗೆ ಹೇಳಲಿ ಅನ್ನುವ ಆಸೆ ಇದ್ದಿರಬೇಕು. ಅಪ್ಪ ಮುಂದಿನ ಗಾಜನ್ನು ನೋಡುತ್ತ, ಹ್ಯಾಂಡ್‌ಬ್ರೇಕನ್ನು ಎಳೆದು ಹಿಡಿದುಕೊಂಡೇ ಹೇಳಿದ:

"ಕ್ಲಚ್ ಮ್ಯಾಲಿನ ಕಾಲು ಹೆಂಗ ಬಿಡಬೇಕು ಅಂತ ಎಷ್ಟ ಸರ್ತಿ ಹೇಳೂದು ನಿನಗ? ದನಕ್ಕ ಹೇಳಿದ್ದರ ಕಲೀತಿತ್ತು."

"ಕಾಲು ಸರಿ ಐತ್ರಿ. ಗಾಡಿಯೊಳಗಽ ಏನೋ ಐತಿ," ಅಂದಳು ಅವ್ವ.

"ಹೂಂ. ಕುಣ್ಯಾಕ ಬರದಾಕಿ ನೆಲಾ ಡೊಂಕು ಅಂದ್ಲಂತ."

ಗಾಡಿ ಹತ್ತಿಕೊಂಡ ಮೇಲೆ, ಬಾಳಾನಗರದ ತನಕ ಅವ್ವ ತನ್ನ ಎಡಗಾಲನ್ನು ಆಗಾಗ ಬಗ್ಗಿ ನೋಡಿಕೊಳ್ಳುತ್ತಿದ್ದಳು, ಆ ಕಾಲು ಬೇರೆ ಯಾರದೋ ಅನ್ನುವ ಹಾಗೆ. ಅದನ್ನು ನೋಡಿ ನನಗೆ ಎಷ್ಟು ಸಂಕಟವಾಯಿತೆಂದರೆ, ಅವತ್ತು ಶಾಲೆಯಲ್ಲಿ ಡಬ್ಬಿ ಬಿಚ್ಚಲೇ ಇಲ್ಲ. ಈಗ ಮಿಯಾಪುರದಿಂದ ಕೊಂಡಾಪುರದ ಆಫೀಸಿಗೆ ನಾನೇ ಗಾಡಿ ನಡೆಸಿಕೊಂಡು ಹೋಗಿ ಬಂದು ಸಾಕಾಗಿದೆ, ಕೆಲಸ ಬಿಡುವ ವಯಸ್ಸೂ ಹತ್ತಿರ ಬಂತು. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ಏನು ಕೆಟ್ಟರೂ ನಾನು ಮೊದಲು ನೋಡುವುದು ನನ್ನ ಕಾಲನ್ನೇ. ತಪ್ಪು ಬೇರೆ ಕಡೆ ಇದ್ದೀತು ಅಂತ ಹೊಳೆಯುವ ಹೊತ್ತಿಗೆ ಬೈಗುಳ ತಿಂದು ಮುಗಿದಿರುತ್ತದೆ. ಈ ರೋಗ ನನಗೆ ಹತ್ತಿದ್ದು ಆ ಹಿಂದಿನ ಸೀಟಿನಲ್ಲಿ.

ಅಪ್ಪ ಸುಮ್ಮನೆ ಬೈದುಕೊಂಡೇ ಕೂರಲಿಲ್ಲ, ಅದನ್ನೂ ಹೇಳಬೇಕು. ನಮ್ಮ ಗಲ್ಲಿಯ ತುದಿಗೆ ಯೂಸುಫ್‌ಭಾಯಿಯ ಗ್ಯಾರೇಜಿತ್ತು. ಅಪ್ಪ ಅವನ ಪಕ್ಕ ನಿಂತು ಒಂದೊಂದನ್ನೇ ಬಿಚ್ಚಿಸಿದ. ಪ್ಲಗ್ ಬದಲಾಯಿತು. ಪಾಯಿಂಟ್ ಉಜ್ಜಿದ್ದಾಯಿತು. ಕಾರ್ಬೊರೇಟರನ್ನು ಪೆಟ್ರೋಲಿನಲ್ಲಿ ಮುಳುಗಿಸಿ ತೊಳೆದು, ಪಂಪು ಬಿಚ್ಚಿ, ಪೈಪುಗಳನ್ನು ಬಾಯಿಂದ ಊದಿ ನೋಡಿದ್ದಾಯಿತು. ಅಂಗಿ ಕೈಗೆಲ್ಲ ಮಸಿ ಮಾಡಿಕೊಂಡು ಯೂಸುಫ್‌ಭಾಯಿ ನಮ್ಮ ಬಾಗಿಲಿಗೆ ಬಂದು ಅವ್ವನಿಗೆ ತನಗೆ ತಿಳಿದದ್ದನ್ನು ಹೇಳಿದ:

"ಭಾಬೀ, ಇಂಜನ್ ಅಚ್ಛಾ ಹೈ. ಜೋರ್ ಸೇ ದಬಾಯೇ ತೋ ಪೆಟ್ರೋಲ್ ನೈ ಆರಾ. ಕೈಕೂ ನೈ ಆರಾ, ಮಾಲೂಮ್ ನೈ."

ಎಂಜಿನ್ ಚೆನ್ನಾಗಿದೆ, ಜೋರಾಗಿ ಒತ್ತಿದಾಗ ಪೆಟ್ರೋಲ್ ಬರುತ್ತಿಲ್ಲ, ಯಾಕೆ ಬರುತ್ತಿಲ್ಲವೋ ಗೊತ್ತಿಲ್ಲ ಅಂತ. ಪಾಪ, ಇದ್ದದ್ದನ್ನು ಇದ್ದಂತೆ ಹೇಳಿದ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿ ಪೆಟ್ರೋಲ್ ಇದೆಯೋ ಅಂತ ನೋಡಿ, ಮುಚ್ಚಿ, ಅಪ್ಪನನ್ನು ಕೂರಿಸಿಕೊಂಡು ತಾನೇ ಕಾಚಿಗೂಡ ತನಕ ಒಂದು ಸುತ್ತು ಹಾಕಿ ಬಂದ. ಗಾಡಿ ಎಲ್ಲೂ ನಿಲ್ಲಲಿಲ್ಲ. ಕುದುರೆಯಂತೆ ಓಡಿತು. ಅಪ್ಪ ಇಳಿದು ಬಂದು ಅವ್ವನ ಮುಖವನ್ನೊಮ್ಮೆ ನೋಡಿದ. ಆ ನೋಟಕ್ಕಿಂತ ಬೈಗುಳವೇ ಮೇಲಾಗಿತ್ತು.

ಮರುದಿನ ಅದೇ ಏರಿನಲ್ಲಿ ಗಾಡಿ ನಿಂತಿತು. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ರೊಟ್ಟಿ ಮುರಿಯುತ್ತ, ದನಿ ಏರಿಸದೆ ಮಾತು ತೆಗೆದ.

"ಗಾಡಿ ಮಾರಿಬಿಡೂನು. ಯೂಸುಫ್ ಗಿರಾಕಿ ತರತೀನಿ ಅಂದಾನ."

"ಮಾರಿ?" ಅಂದಳು ಅವ್ವ.

"ನೌಕರಿ ಬಿಡತೀನಿ. ಊರಾಗ ತಮ್ಮನ ಕೂಡ ಇರೂನು. ನಿನ್ನ ಕೈಲೆ ಇದು ಆಗೂದಿಲ್ಲ, ನನ್ನ ಕೈಲೆ ಆ ಬಸ್ಸು ಆಗೂದಿಲ್ಲ. ಸಾಕಾತು."

"ಹೋಗಲಿ ಬಿಡವಾ," ಅಂದಳು ಆಯಿ, ಸಮಾಧಾನದ ದನಿಯಲ್ಲೇ. "ಎಲ್ಲಾರ ಕೈಗುಣ ಒಂದಽ ತರಾ ಇರೂದಿಲ್ಲ. ಇನ್ನೊಂದು ಅಮಾಸಿ ನೋಡೂನು. ಈ ಸಲ ಕುಂಬಳಕಾಯಿ ಒಡೀತೀನಿ."

ಅವ್ವ ನನ್ನ ತಾಟಿಗೆ ಶೇಂಗಾ ಚಟ್ನಿ ಹಾಕಿ ಎದ್ದುಹೋದಳು. ಆಕೆಗೆ ಊರು ಬೇಡವಾಗಿತ್ತು. ಊರಲ್ಲಿ ಚಿಕ್ಕಪ್ಪನ ಮನೆಯ ಹಿತ್ತಿಲ ಕೋಣೆಯಲ್ಲಿ, ಇನ್ನೊಬ್ಬರ ಒಲೆಯ ಮುಂದೆ, ನೌಕರಿಯಿಲ್ಲದ ಗಂಡನನ್ನು ಕಟ್ಟಿಕೊಂಡು, ಗಾಡಿ ನಡೆಸಲು ಬಾರದೆ ಗಂಡನ ನೌಕರಿ ಕಳೆದವಳು ಅನ್ನಿಸಿಕೊಂಡು ಇರಬೇಕು. ಬೆಳಿಗ್ಗೆ ಎದ್ದ ಹೊತ್ತಿನಿಂದ ದಣಿದಿದ್ದರೂ ಈ ಗಾಡಿ ಇರುವ ತನಕ ಆಕೆಗೆ ತನ್ನ ಒಲೆ ಇತ್ತು, ನನಗೆ ಶಾಲೆ ಇತ್ತು. ಅಡುಗೆಕೋಣೆಯಲ್ಲಿ ಆಕೆ ಮೂಗು ಏರಿಸಿಕೊಂಡದ್ದು ನನಗೆ ಕೇಳಿಸಿತು.

ಅಮಾವಾಸ್ಯೆ ಭಾನುವಾರ ಬಂತು. ಆಯಿ ನಸುಕಿನಲ್ಲೇ ಮಿಂದು ಕಾರಿಗೆ ಪೂಜೆ ಮಾಡಿ, ಮಾತು ಕೊಟ್ಟ ಹಾಗೆ ಕುಂಬಳಕಾಯಿ ಒಡೆದು, ಆಮೇಲೆ ಮನೆಯೊಳಗಿನ ಬಾಯಿಗಳಿಗೆಲ್ಲ ವಿಭೂತಿ ಎಳೆದಳು. ಅವತ್ತು ಕಡಬು ಕರಿಯುವುದಿತ್ತು. ಅವ್ವ ಹೊಸ ಶೇಂಗಾ ಎಣ್ಣೆ ಡಬ್ಬಿಗೆ ಹಿಂದಿನ ದಿನವೇ ಮೊಳೆಯಿಂದ ಎರಡು ತೂತು ಹೊಡೆದಿಟ್ಟಿದ್ದಳು, ಈ ಮೂಲೆಗೊಂದು ಆ ಮೂಲೆಗೊಂದು. ಒಂದು ತೂತನ್ನು ಬೆರಳಿಂದ ಒರೆಸಿ ಡಬ್ಬಿ ಬಗ್ಗಿಸಿದಳು. ಎಣ್ಣೆ ಗುಳುಕ್ ಅಂತ ಒಂದಿಷ್ಟು ಬಿತ್ತು. ಮತ್ತೊಂದು ಗುಳುಕ್. ಆಮೇಲೆ ನಿಂತೇಹೋಯಿತು. ಡಬ್ಬಿ ಅಲ್ಲಾಡಿಸಿದಳು. ಬರಲಿಲ್ಲ. ಹೊಸ್ತಿಲಲ್ಲಿ ಕೂತು ಕಡಬಿನ ಕಣಕ ನಾದುತ್ತಿದ್ದ ಆಯಿ ಅಲ್ಲಿಂದಲೇ ಗದರಿದಳು:

"ಅಯ್ಯ, ಅಲ್ಲಾಡಿಸಿದ್ರ ಬರತೈತೇನ? ಆ ಕಡೆ ತೂತಿಗೆ ನಾನಽ ವಿಭೂತಿ ಹಚ್ಚೀನಿ, ಅದನ್ನ ತಗಿ ಮೊದಲ. ಗಾಳಿ ಒಳಗ ಹೋಗದ ಎಣ್ಣಿ ಹೊರಗ ಹೆಂಗ ಬರಬೇಕು?"

ಅವ್ವ ಉಗುರಿನಿಂದ ಆ ಕಡೆಯ ತೂತನ್ನು ಕೆರೆದಳು. ಎಣ್ಣೆ ದಾರದಂತೆ ಸಲೀಸಾಗಿ ಬೀಳತೊಡಗಿತು. ಬಾಣಲೆ ತುಂಬಿತು. ಅವ್ವ ಡಬ್ಬಿ ಎತ್ತಲಿಲ್ಲ. ಎಣ್ಣೆ ಬಾಣಲೆಯ ಅಂಚು ದಾಟಿ ಕಟ್ಟೆಯ ಮೇಲೆ ಹರಿಯಿತು.

"ಎಲ್ಲೆ ಐತಿ ನಿನ್ನ ಲಕ್ಷ್ಯ!" ಅಂತ ಆಯಿ ಕೂಗಿದಳು.

ಕಟ್ಟೆ ಒರೆಸಿ, ಕಡಬು ಕರಿದು, ಎಲ್ಲರಿಗೂ ಬಡಿಸಿ, ಅವ್ವ ಸಂಜೆ ಒಬ್ಬಳೇ ಅಂಗಳಕ್ಕೆ ಹೋದಳು. ಕಾರಿನ ಹಿಂದೆ ನಿಂತು ಆ ಮುಚ್ಚಳವನ್ನು ಬಹಳ ಹೊತ್ತು ನೋಡಿದಳು. ಒರೆಸಲಿಲ್ಲ. ಯಾಕೆ ಒರೆಸಲಿಲ್ಲ ಅಂತ ನಾನು ದೊಡ್ಡವಳಾದ ಮೇಲೆ ಕೇಳಿದೆ. "ಖಾತ್ರಿ ಇರಲಿಲ್ಲ. ಸುಳ್ಳಾದ್ರ ಮತ್ತ ನಗತಿದ್ರು. ಖರೇ ಆದ್ರ ಅವರ ಕಣ್ಣ ಮುಂದಽ ಗಾಡಿ ಬಂದ್ ಬೀಳಲಿ ಅಂತ ಬಿಟ್ಟೆ," ಅಂದಳು. ನನ್ನವ್ವನನ್ನು ಬರೀ ಸಹಿಸಿಕೊಂಡು ಹೋದವಳು ಅಂತ ಯಾರಾದರೂ ಹೊಗಳಿದರೆ ನನಗೆ ಈ ಮಾತು ನೆನಪಾಗುತ್ತದೆ.

ಸೋಮವಾರ ಪಂಜಗುಟ್ಟದ ಏರಿನಲ್ಲಿ ಗಾಡಿ ಮುಗ್ಗರಿಸಿತು, ತೇಗಿತು, ನಿಂತಿತು. ಅಪ್ಪ ಹ್ಯಾಂಡ್‌ಬ್ರೇಕ್ ಎಳೆದು ಬಾಯಿ ತೆಗೆಯುವಷ್ಟರಲ್ಲಿ ಅವ್ವ ಚಾವಿ ಗೊಂಚಲು ಕಿತ್ತುಕೊಂಡು ಕೆಳಗಿಳಿದುಬಿಟ್ಟಳು.

"ಏಯ್, ಎಲ್ಲಿ ಹೊಂಟಿ ನಡು ರಸ್ತೇದಾಗ?"

"ಬರ್ರಿ ಇಲ್ಲೆ. ಬಂದು ಕೇಳ್ರಿ," ಅಂದಳು. ಆಕೆ ಅಪ್ಪನಿಗೆ ಹಾಗೆ ಹುಕುಂ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಪ್ಪ ಇಳಿದ. ನಾನೂ ಇಳಿದೆ. ಸುತ್ತ ಹಾರ್ನುಗಳು. ಅವ್ವ ಬೀಗ ತೆರೆದು ಮುಚ್ಚಳ ತಿರುಗಿಸಿದಳು. ಮುಚ್ಚಳ ಸಡಿಲಾದದ್ದೇ ತಡ, ಒಳಗೆ ಹುಸ್ಸ್ ಅಂತ ಗಾಳಿ ಎಳೆದುಕೊಂಡ ಸದ್ದು. ಬಹಳ ಹೊತ್ತು ನೀರಲ್ಲಿ ಮುಳುಗಿದ್ದವರು ಮೇಲೆದ್ದು ಉಸಿರೆಳೆದ ಹಾಗಿತ್ತು. ಅವ್ವ ಮುಚ್ಚಳವನ್ನು ಅಪ್ಪನ ಅಂಗೈಯಲ್ಲಿಟ್ಟಳು, ಹೋಗಿ ಚಾವಿ ತಿರುಗಿಸಿದಳು. ಎಂಜಿನ್ ಮೊದಲ ತಿರುವಿಗೇ ಹತ್ತಿಕೊಂಡಿತು.

ಅಪ್ಪ ಮುಚ್ಚಳವನ್ನು ಬೆಳಕಿಗೆ ಹಿಡಿದ. ಅಳತೆಯ ಮನುಷ್ಯ, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರು ಬೆರಳಿನ ವಿಭೂತಿಯ ಕೆಳಗೆ, ಕುಂಕುಮದ ಹತ್ತಿರ, ಸಾಸಿವೆ ಕಾಳಿನಷ್ಟು ತೂತೊಂದು ಮುಚ್ಚಿಹೋಗಿತ್ತು. ಪೆಟ್ರೋಲ್ ಹೋದಷ್ಟು ಗಾಳಿ ಒಳಬರಲಿ ಅಂತ ಇಟ್ಟ ತೂತು. ಅದು ಮುಚ್ಚಿದರೆ ದೂರ ಓಡಿದ ಮೇಲೆ ಟ್ಯಾಂಕು ಪೆಟ್ರೋಲನ್ನು ಬಿಟ್ಟುಕೊಡುವುದಿಲ್ಲ. ಮೆಲ್ಲಗೆ ಹೋದರೆ ಹೇಗೋ ನಡೆಯುತ್ತದೆ, ಏರಿನಲ್ಲಿ ಒತ್ತಿದರೆ ಎಂಜಿನ್ನಿಗೆ ಸಾಲುವುದಿಲ್ಲ. ಯೂಸುಫ್‌ಭಾಯಿ ಮುಚ್ಚಳ ತೆಗೆದು ಹಾಕಿ ಒಂದೇ ಸುತ್ತು ಓಡಿಸಿದ್ದರಿಂದ ಗಾಳಿ ಮುಗಿದಿರಲಿಲ್ಲ. ಎಲ್ಲ ಅಲ್ಲೇ ಇತ್ತು. ಅವ್ವ ಮತ್ತೆ ಇಳಿದು ಬಂದು ಸೆರಗಿನ ಪಿನ್ನು ತೆಗೆದು ಅಪ್ಪನ ಅಂಗೈಯ ಮೇಲಿದ್ದ ಮುಚ್ಚಳದ ತೂತಿಗೆ ಚುಚ್ಚಿ ವಿಭೂತಿ ಉದುರಿಸಿದಳು. ಆಮೇಲೆ ಹೇಳಿದಳು:

"ನೆಲಾನಽ ಡೊಂಕಿತ್ತು ನೋಡ್ರಿ."

ಅಪ್ಪ ಮುಚ್ಚಳ ಹಾಕಿ ಬಂದು ಕೂತ. ಕೈ ಮತ್ತೆ ಹ್ಯಾಂಡ್‌ಬ್ರೇಕಿನ ಮೇಲೆ ಹೋಯಿತು. ಬಾಳಾನಗರದ ತನಕ ಗಾಡಿ ನಿಲ್ಲಲಿಲ್ಲ. ಅವ್ವ ಕಾಯುತ್ತಿದ್ದಳು. ನನಗೆ ಆಗಲೂ ಗೊತ್ತಾಗುತ್ತಿತ್ತು, ಆಕೆ ಕಾಯುತ್ತಿದ್ದದ್ದು ಒಂದೇ ಒಂದು ಮಾತಿಗೆ. ನಿನ್ನದು ತಪ್ಪಿರಲಿಲ್ಲ ಅಂತ.

ಆ ಮಾತು ಬರಲಿಲ್ಲ. ಗಾಡಿ ಮಾರುವ ಮಾತು ಮಾತ್ರ ಹಾಗೇ ಕಾಣೆಯಾಯಿತು. ಯೂಸುಫ್‌ಭಾಯಿ ಗಿರಾಕಿಯನ್ನು ಕರೆತಂದಾಗ ಅಪ್ಪ "ಅಭೀ ನಕ್ಕೋ", ಸದ್ಯ ಬೇಡ ಅಂತ ಕಳಿಸಿಬಿಟ್ಟ. ಆಯಿ ತನ್ನ ಕುಂಬಳಕಾಯಿಯ ಫಲ ಅಂದುಕೊಂಡು ಅಕ್ಕಪಕ್ಕದವರಿಗೆಲ್ಲ ಹೇಳಿದಳು. ಸೊಸೆಯ ಕೈಗುಣ ದೋಷ ಕಳೆಯಿತು ಅಂತಲೂ ಹೇಳಿದಳು. ಅವ್ವ ಅದನ್ನು ಕೇಳುತ್ತ ಕೇಳುತ್ತ ಒಂದು ದಿನ ಅಪ್ಪನ ಕೋಣೆಗೆ ಹೋಗಿ ಬಾಗಿಲು ಅರೆ ಮುಚ್ಚಿದಳು.

"ನಿಮ್ಮ ಅವ್ವಗ ನೀವಽ ಹೇಳ್ರಿ."

"ಏನಂತ ಹೇಳಲಿ? ನನ್ನ ಸಲುವಾಗಿ ಮಾಡಿದ್ದು. ಹೇಳಿದ್ರ ಆಕಿ ಎದಿ ಒಡೀತೈತಿ."

"ನಂದು ಎದಿ ಅಲ್ಲೇನ್ರಿ?"

ಆಮೇಲೆ ಅವ್ವ ಹೊರಗೆ ಬಂದು ಅಕ್ಕಿ ಆರಿಸುತ್ತ ಕೂತಳು. ಆ ತಿಂಗಳು ನಮ್ಮ ಮನೆಯಲ್ಲಿ ಎಲ್ಲರೂ ಬೇಕಾದಷ್ಟೇ ಮಾತಾಡಿದೆವು. ನೀರು, ಉಪ್ಪು, ಚಾವಿ. ಅಷ್ಟರಲ್ಲೇ ಮಾತು ಮುಗಿಯುತ್ತಿತ್ತು.

ಮುಂದಿನ ಅಮಾವಾಸ್ಯೆಗೆ ಆಯಿ ತಟ್ಟೆ ಹಿಡಿದು ಅಂಗಳಕ್ಕಿಳಿದಾಗ ಅವ್ವ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹೋದಳು. ಅವತ್ತು ಕಾರ್ಖಾನೆಗೆ ರಜೆ, ಅಪ್ಪ ಕಟ್ಟೆಯ ಮೇಲೆ ಗಡ್ಡ ಹೆರೆದುಕೊಳ್ಳುತ್ತಿದ್ದ. ಆಯಿಯ ಕೈ ಮುಚ್ಚಳದ ಹತ್ತಿರ ಬಂದಾಗ ಅವ್ವ ಆ ಕೈಯನ್ನು ಮೆಲ್ಲಗೆ ಹಿಡಿದಳು. ಆಕೆ ಜಗಳಕ್ಕೆ ಸಜ್ಜಾಗಿ ಬಂದಿದ್ದಳು ಅಂತ ನನಗೆ ಗೊತ್ತು. ಆದರೆ ಒದ್ದೆ ವಿಭೂತಿ ಮೆತ್ತಿದ ಆ ಮುದಿ ಕೈಯನ್ನು ಹಿಡಿದ ಮೇಲೆ ಆಕೆಗೆ ಜಗಳ ಮಾಡುವ ಶಕ್ತಿಯೂ ಉಳಿಯಲಿಲ್ಲವೋ ಏನೋ, ದಣಿದ ದನಿಯಲ್ಲಿ ಹೇಳಿದಳು:

"ಅತ್ತಿಯಾರ, ಇದು ಗಾಡಿ ಬಾಯಿ ಅಷ್ಟಽ ಅಲ್ಲ, ಮೂಗೂ ಇದಽ. ಇಲ್ಲಿ ನೋಡ್ರಿ, ಸಣ್ಣ ತೂತು ಐತಿ. ಇದನ್ನ ಮುಚ್ಚಿದ್ರ ಗಾಡಿ ಉಸಿರು ಕಟ್ಟತೈತಿ. ಎಣ್ಣಿ ಡಬ್ಬಿ ನೆನಸ್ರಿ. ನೀವಽ ಹೇಳಿದ್ದು."

ಆಯಿಗೆ ಓದು ಬಾರದು, ಆದರೆ ಎಣ್ಣೆ ಡಬ್ಬಿ ಅರ್ಥವಾಗದ ಹೆಂಗಸಲ್ಲ. ಆಕೆ ಬಗ್ಗಿ ಆ ತೂತನ್ನು ನೋಡಿದಳು. ತಟ್ಟೆಯಲ್ಲಿನ ವಿಭೂತಿ ನೋಡಿದಳು. ಬಾದಾಮಿ ಮರಕ್ಕೆ ಕೈಯಿಟ್ಟಳು.

"ಅಂದ್ರ, ಇಷ್ಟ ದಿನಾ ಬಂದ್ ಬೀಳತಿದ್ದುದು ನನ್ನ ಕೈಲೆ?"

ಆಯಿ ಅಪ್ಪನ ಕಡೆ ತಿರುಗಿದಳು. ಅವನ ಕೆನ್ನೆಯ ಮೇಲಿನ ನೊರೆ ಒಣಗುತ್ತಿತ್ತು.

"ನಿನಗ ಗೊತ್ತಿತ್ತೇನೋ?"

ಅಪ್ಪ ಕನ್ನಡಿಯನ್ನೇ ನೋಡುತ್ತಿದ್ದ.

"ಗೊತ್ತಿದ್ದೂ ಸುಮ್ಮ ಕುಂತಿ? ನಾನು ಓಣಿ ತುಂಬಾ ಆಕಿ ಕೈಗುಣಾ ಆಡಿಕೊಂಡು ಬಂದೆ, ನೀ ಕೇಳಕೊಂತ ಕುಂತಿ? ಗಂಡಸಾಗಿ ಆಕಿಗೆ ಒಂದು ಮಾತು ಹೇಳಾಕ ಬರೂದಿಲ್ಲ ನಿನಗ? ನಿನ್ನ ಹೊಟ್ಟಿಯೊಳಗ ಇಟಗೊಂಡು ಏನ ಮಾಡಾಂವ ಇದಿ?"

ಆಯಿ ಅಳುತ್ತಿದ್ದಳು. ತಟ್ಟೆಯನ್ನು ಅವ್ವನ ಕೈಗೆ ಕೊಟ್ಟು, "ಎಲ್ಲಿ ಹಚ್ಚಬೇಕು ನೀನಽ ಹಚ್ಚವಾ, ನಡಸಾಕಿ ನೀನು," ಅಂದಳು. ಅಪ್ಪ ಮುಖ ತೊಳೆದುಕೊಳ್ಳಲು ಬಚ್ಚಲಿಗೆ ಹೋದ. ನೀರಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಮಧ್ಯಾಹ್ನ ಹೋಳಿಗೆ ಊಟಕ್ಕೆ ಕೂತಾಗಲೂ ಅವನು ಒಂದು ಮಾತು ಹೇಳಲಿಲ್ಲ. ಉಪ್ಪು ನಡೆಯುವುದಿಲ್ಲ ಅನ್ನಲೂ ಇಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಹೊರಟೆವು. ಅಪ್ಪ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ, ಬಲಗೈ ತನ್ನ ಜಾಗಕ್ಕೆ ಹೋಯಿತು. ಹಿಮಾಯತ್‌ನಗರದಲ್ಲಿ ಕಣ್ಣು ಎಳೆಯತೊಡಗಿದವು. ತಲೆ ವಾಲಿತು, ಎದ್ದಿತು, ಮತ್ತೆ ವಾಲಿತು. ಖೈರತಾಬಾದ್ ದಾಟುವಾಗ ಹ್ಯಾಂಡ್‌ಬ್ರೇಕಿನ ಮೇಲಿದ್ದ ಕೈ ಜಾರಿ ಡಬ್ಬಿಯ ಮೇಲೆ ಬಿತ್ತು. ಅದನ್ನು ಅವನು ವಾಪಸು ಎತ್ತಲಿಲ್ಲ. ಏರು ಬಂತು. ಬಸ್ಸುಗಳು ಹಿಂದೆ ಒತ್ತಿದವು. ಅವ್ವ ಗೇರು ಇಳಿಸಿ ಆಕ್ಸಿಲರೇಟರ್ ಒತ್ತಿದಳು, ಗಾಡಿ ಒಂದೇ ದಮ್ಮಿಗೆ ಮೇಲೆ ಹತ್ತಿತು. ಅಪ್ಪನ ತಲೆ ಕಿಟಕಿಯ ಗಾಜಿಗೆ ಒರಗಿತ್ತು, ಬಾಯಿ ಅರೆ ತೆರೆದಿತ್ತು. ಸಣ್ಣಗೆ ಗೊರಕೆ.

ಕನ್ನಡಿಯಲ್ಲಿ ಅವ್ವ ನನ್ನನ್ನು ನೋಡಿದಳು.

"ನಿದ್ದಿ ಹತ್ತೈತೇನ ಅಪ್ಪಗ?"

"ಹೂಂ," ಅಂದೆ.

ಅಲ್ಲಿಂದ ಮುಂದೆ ಆಕೆ ಹೊಂಡಗಳನ್ನು ತಪ್ಪಿಸುತ್ತ, ಹಾರ್ನ್ ಬಾರಿಸದೆ, ತುಂಬಿದ ಕೊಡ ಹೊತ್ತವಳ ಹಾಗೆ ನಡೆಸಿದಳು. ಕಾರ್ಖಾನೆಯ ಗೇಟು ಬಂತು. ನಿಲ್ಲಿಸಲಿಲ್ಲ. ಗೋಡೆಗುಂಟ ಗಾಡಿಯನ್ನು ಮೆಲ್ಲಗೆ ತಿರುಗಿಸಿದಳು. ಒಂದು ಸುತ್ತು ಬಂದು ಮತ್ತೆ ಅದೇ ಗೇಟು. ಬಸ್ಸಿನಿಂದ ಇಳಿದವರೆಲ್ಲ ಒಳಗೆ ಹೋಗುತ್ತಿದ್ದರು. ಮತ್ತೂ ನಿಲ್ಲಿಸಲಿಲ್ಲ.

"ಅವ್ವಾ, ಹೊತ್ತಾತು. ಸೈರನ್ ಆಗತೈತಿ," ಅಂದೆ.

"ಆಗಲಿ," ಅಂದಳು. "ಒಂದು ಮಾತು ಹೇಳಾಕ ಬರಲಿಲ್ಲ ಇವರಿಗೆ. ಮಲಗಾಕರ ಬಂತಲ್ಲ."

ಹಾಗಂದು ಗೇರು ಬದಲಿಸಿದಳು. ಅಪ್ಪನಿಗೆ ಎಚ್ಚರವಾಗಲಿಲ್ಲ.